ಶಶಿಯ ಕೆಳದವಡೆ ಮತ್ತು ಮೂರು ಊರಿನ ಡಾಕ್ಟರು

ಮಗಳ ಹಲ್ಲು ಮುರಿದ ದಿನ ನಾನು ಕೋಗಳಿಯ ಹೊಲವೊಂದರಲ್ಲಿ ಅಳತೆಯ ಚೈನು ಹಿಡಿದು ನಿಂತಿದ್ದೆ.

ಅಣ್ಣ ತಮ್ಮಂದಿರ ನಡುವೆ ಬದುವಿನ ಜಗಳ. ಅಣ್ಣ ಬದು ಇಲ್ಲಿ ಅಂತಿದ್ದ, ತಮ್ಮ ಅಲ್ಲಿ ಅಂತಿದ್ದ. ನಡುವೆ ನಾನು, ತಾಲ್ಲೂಕು ಆಫೀಸಿನ ಸರ್ವೇಯರ್, ನಕ್ಷೆ ಬಿಡಿಸಿಕೊಂಡು ಹಳೇ ಗಡಿಕಲ್ಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಊರಿನ ಕಿರಾಣಿ ಅಂಗಡಿಯವರು ಸೈಕಲ್ ತುಳಿದುಕೊಂಡು ಬಂದರು. ನಮ್ಮೂರು ಹಗರಿಬೊಮ್ಮನಹಳ್ಳಿಯಿಂದ ಅವರ ಅಂಗಡಿಗೆ ಫೋನು ಬಂದಿತ್ತಂತೆ. ಶಾಲೆಯಲ್ಲಿ ಖೊಖೊ ಆಡುವಾಗ ಶಶಿ ಕಂಬಕ್ಕೆ ಮುಖ ಬಡಿಸಿಕೊಂಡಿದ್ದಾಳೆ, ಮುಂದಿನ ಹಲ್ಲು ಮುರಿದಿದೆ, ಬೇಗ ಬರಬೇಕಂತೆ.

ಶಶಿ ಅಂದರೆ ಶಶಿಕಲಾ. ನನ್ನ ಒಬ್ಬಳೇ ಮಗಳು. ಆಗ ಅವಳಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು.

ಮನೆಗೆ ಹೋಗಿ ನೋಡಿದರೆ ಹುಡುಗಿ ಅಳುತ್ತಿರಲಿಲ್ಲ. ಮುರಿದ ತುಂಡನ್ನು ನೋಟ್‌ಬುಕ್ ಹಾಳೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಅರ್ಧಕ್ಕೆ ಮುರಿದಿತ್ತು. ಅವಳಿಗೆ ಮೇಲಿನ ಹಲ್ಲು ಸ್ವಲ್ಪ ಮುಂದೆ. (ಸ್ವಲ್ಪ ಅಂತ ನಾವು ಮನೆಯವರು ಹೇಳುವುದು. ಶಾಲೆಯಲ್ಲಿ ಏನಂತ ಕರೆಯುತ್ತಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.) ಎಲ್ಲಿ ಬಡಿದರೂ ಮೂಗಿಗಿಂತ ಮೊದಲು ಹಲ್ಲು ತಾಗುತ್ತದೆ. ಹಾಗೇ ಆಯಿತು.

ನನ್ನ ಹೆಂಡತಿ ಗಿರಿಜಾಳ ತವರು ಹರಪನಹಳ್ಳಿ. ಅಲ್ಲಿ ಪರಿಚಯದ ಒಬ್ಬ ಹಲ್ಲಿನ ಡಾಕ್ಟರು ಇದ್ದರು. ಸಂಜೆಯ ಬಸ್ಸಿಗೇ ಹೊರಟೆವು.

ಡಾಕ್ಟರು ಇನ್ನೂ ಹುಡುಗ. ಹಲ್ಲಿನ ಬಣ್ಣದ್ದೇ ಏನೋ ಮೆತ್ತಿ, ಲೈಟು ಹಿಡಿದು, ಅರ್ಧ ತಾಸಿನಲ್ಲಿ ಮುರಿದ ಹಲ್ಲನ್ನು ಹೊಸದು ಮಾಡಿಬಿಟ್ಟರು. ನಾವು ಖುಷಿಯಾಗಿ ಎದ್ದೆವು. ಅವರು ಕೂರಿಸಿದರು. ಇದು ಮತ್ತೆ ಮುರಿಯುತ್ತದೆ, ಇವಳ ಹಲ್ಲು ಮುಂದೆ ಇರುವವರೆಗೂ ಮುರಿಯುತ್ತಲೇ ಇರುತ್ತದೆ ಅಂದರು.

ಹಂಗಾದರೆ ಮೇಲಿನ ಹಲ್ಲನ್ನ ಹಿಂದಕ್ಕೆ ತಳ್ಳಬೇಕಾ ಅಂತ ಕೇಳಿದೆ.

"ಮೇಲಿನ ಹಲ್ಲು ಎಲ್ಲಿರಬೇಕೋ ಅಲ್ಲೇ ಇದೆ ಸಾರ್," ಅಂದರು. "ಇವಳ ಕೆಳದವಡೆ ಹಿಂದೆ ಉಳಿದಿದೆ."

ಹನ್ನೊಂದು ವರ್ಷ ಎದುರಿಗೆ ಕೂತು ಉಂಡ ಮಗಳು. ಮುಂದೆ ಬಂದಿದ್ದನ್ನ ನೋಡಿದ್ದೆ, ಹಿಂದೆ ಉಳಿದಿದ್ದನ್ನ ನೋಡಿರಲಿಲ್ಲ. ಇಪ್ಪತ್ತು ವರ್ಷದ ಸರ್ವಿಸ್ಸಿನ ಸರ್ವೇಯರ್ ನಾನು. ಕಲ್ಲು ಸರಿದಿದೆಯೋ ಬದು ಸರಿದಿದೆಯೋ ಅಂತ ಊರಿಗೆಲ್ಲ ಹೇಳುವವನು.

ಡಾಕ್ಟರು ಶಶಿಗೆ ಕೆಳದವಡೆಯನ್ನು ಮೆಲ್ಲಗೆ ಮುಂದಕ್ಕೆ ತಂದು, ಹಾಗೇ ತುಟಿ ಮುಚ್ಚು ಅಂದರು. ಮುಚ್ಚಿದಳು. ನಮ್ಮನ್ನು ಪಕ್ಕದಿಂದ ನೋಡಲು ಹೇಳಿದರು. ಒಂದು ಕ್ಷಣ ಅಲ್ಲಿ ಬೇರೆ ಹುಡುಗಿ ಕೂತಿದ್ದಳು. ಗದ್ದ ಇರುವ ಹುಡುಗಿ. ತುಟಿ ತಾನಾಗಿ ಮುಚ್ಚಿಕೊಂಡ ಹುಡುಗಿ. ಗಿರಿಜಾ ನನ್ನ ಕೈ ಹಿಡಿದುಕೊಂಡಳು. ಶಶಿಗೆ ನಗು ಬಂತು, ದವಡೆ ಹಿಂದೆ ಹೋಯಿತು, ನಮ್ಮ ಮಗಳು ವಾಪಸ್ ಬಂದಳು.

ಯಂತ್ರ ಹಾಕಿದರೆ ಹೀಗೇ ಆಗುತ್ತದೆ ಅಂದರು ಡಾಕ್ಟರು. ಮಕ್ಕಳು ಬೆಳೆಯುವಾಗಲೇ ಹಾಕಬೇಕು, ಹೆಣ್ಣುಮಕ್ಕಳು ಬೇಗ ಬೆಳೆಯುತ್ತಾರೆ, ಇನ್ನು ಒಂದೆರಡು ವರ್ಷ ಬಿಟ್ಟರೆ ಎಲುಬು ಮಾತು ಕೇಳುವುದಿಲ್ಲ. ಆ ಕೆಲಸಕ್ಕೆ ತಾವಲ್ಲ, ಸ್ಪೆಷಲಿಸ್ಟ್ ಬೇಕು. ದಾವಣಗೆರೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು.

ಇಲ್ಲಿಯವರೆಗೂ ಎಲ್ಲ ಸರಳ. ಅಲ್ಲವಾ?

ಮನೆಗೆ ಬಂದು ಅವ್ವನಿಗೆ ಹೇಳಿದೆ. ನನ್ನ ಅವ್ವ ಕೊಟ್ರಮ್ಮ, ಕೊಟ್ಟೂರಿನ ಹೆಣ್ಣುಮಗಳು, ನಮ್ಮ ಜೊತೆಗೇ ಇರುವವಳು. ಶಶಿ ಹುಟ್ಟಿದಾಗಿನಿಂದ ನೆಂಟರೆಲ್ಲ ಹೇಳುವುದು ಒಂದೇ ಮಾತು: ಮಗು ಥೇಟ್ ಕೊಟ್ರಮ್ಮ. ಅದೇ ಕಣ್ಣು, ಅದೇ ಹಣೆ, ಅದೇ ಬಾಯಿ. ಅವ್ವ ಅದನ್ನ ಬಹುಮಾನದ ಹಾಗೆ ಕೇಳಿಸಿಕೊಳ್ಳುತ್ತಿದ್ದಳು.

ನಾನು ಕೆಳದವಡೆ, ಬೆಳವಣಿಗೆ, ಯಂತ್ರ ಅಂತ ವಿವರಿಸಿದೆ. ಇದು ಒಂದು ಡಿಫೆಕ್ಟ್, ಸರಿ ಮಾಡಬಹುದು ಅಂದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನ ನಿಲ್ಲಿಸಿದಳು.

"ಆ ಡಾಕ್ಟರು ನನ್ನ ಮಾರಿ ನೋಡಿದ್ರ ನಂದೂ ತಪ್ಪು ಅಂತಿದ್ರೇನು?"

ಹೌದು ಅಂದರೆ ಅವ್ವನ ಮುಖ ತಪ್ಪು. ಅಲ್ಲ ಅಂದರೆ ಮಗಳ ಮುಖಕ್ಕೆ ಯಂತ್ರ ಯಾಕೆ? ಅವಳೇ ಮುಂದುವರಿಸಿದಳು: ಅವಳ ಅವ್ವನಿಗೂ ಹೀಗೇ ಇತ್ತಂತೆ, ಎಂಟು ಮಕ್ಕಳನ್ನ ಹೆತ್ತು ಎಂಬತ್ತು ವರ್ಷ ಬಾಳಿದಳಂತೆ, ಆ ಬಾಯಲ್ಲೇ ರೊಟ್ಟಿ ತಿಂದಳಂತೆ. ಅಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಗೊಂದಲ ಶುರುವಾಗಿದ್ದು ಅಲ್ಲಿಂದ. ಬೆಳೆದಿದ್ದು ದಾವಣಗೆರೆಯಲ್ಲಿ.

ದಾವಣಗೆರೆಯ ಸ್ಪೆಷಲಿಸ್ಟ್ ಒಬ್ಬ ಹೆಣ್ಣುಮಗಳು. ಸಮಾಧಾನದ ಡಾಕ್ಟರು. ಎಕ್ಸ್‌ರೇ ತೆಗೆಸಿದರು, ಸಣ್ಣ ಸ್ಕೇಲು ಹಿಡಿದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವಿನ ಅಂತರ ಅಳೆದರು. (ಅಳತೆ ಅಂದರೆ ನನಗೆ ಜೀವ. ಬಗ್ಗಿ ನೋಡಿದೆ. ಸರಿಯಾಗೇ ಹಿಡಿದಿದ್ದರು.) ಅವರು ತೋರಿಸಿದ್ದು ಜೋಡಿ ಬ್ಲಾಕು. ಪ್ಲಾಸ್ಟಿಕ್ಕಿನ ಎರಡು ತುಂಡು, ಮೇಲಿನ ಸಾಲಿಗೆ ಒಂದು, ಕೆಳಗಿನ ಸಾಲಿಗೆ ಒಂದು. ಎರಡರಲ್ಲೂ ಇಳಿಜಾರು. ಬಾಯಿ ಮುಚ್ಚಿದರೆ ಒಂದು ಇಳಿಜಾರು ಇನ್ನೊಂದರ ಮೇಲೆ ಜಾರಿ, ಕೆಳದವಡೆ ಬೇಡ ಅಂದರೂ ಮುಂದೆ ಬರಲೇಬೇಕು. ಹಗಲು ರಾತ್ರಿ ಹಾಕಬೇಕು, ಊಟಕ್ಕೂ ತೆಗೆಯಬಾರದು, ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ಒಂದು ವರ್ಷ. ಆಮೇಲೆ ಬೇಕಾದರೆ ತಂತಿ.

ಇಷ್ಟಕ್ಕೇ ಒಪ್ಪಿ ಬಂದಿದ್ದರೆ ನಾನು ಪೇಪರಿಗೆ ಬರೆಯುವ ಈ ವಾರದ ಅಂಕಣ ಅರ್ಧಕ್ಕೇ ಮುಗಿಯುತ್ತಿತ್ತು. ಆದರೆ ಇನ್ನೊಬ್ಬರನ್ನೂ ಕೇಳಿ ನೋಡೋಣ ಅಂತ ಅನ್ನಿಸುತ್ತದಲ್ಲ, ಆ ಚಟಕ್ಕೆ ಯಾವ ಡಾಕ್ಟರೂ ಮದ್ದು ಕಂಡುಹಿಡಿದಿಲ್ಲ.

ಹೊಸಪೇಟೆಗೆ ಹೋದೆವು. ಅಲ್ಲಿದ್ದವರು ತಲೆ ನರೆತ ಹಿರಿಯ ಡಾಕ್ಟರು. ಜೋಡಿ ಬ್ಲಾಕಿನ ಹೆಸರೆತ್ತಿದ ಕೂಡಲೇ ನಕ್ಕರು. ಹಗಲೆಲ್ಲ ಬಾಯಲ್ಲಿ ಪ್ಲಾಸ್ಟಿಕ್ ಇಟ್ಟುಕೊಂಡು ಶಾಲೆಗೆ ಹೋಗುವ ಮಗು ಎಲ್ಲಿದೆ ತೋರಿಸಿ ಅಂದರು. ಅವರ ಯಂತ್ರ ಒಂದೇ ತುಂಡು. ಮೇಲಿನದೂ ಕೆಳಗಿನದೂ ಸೇರಿಸಿ ಎರಕ ಹೊಯ್ದಂಥದ್ದು. ಅದನ್ನ ಹಾಕಿಕೊಂಡು ಮಾತಾಡಲಿಕ್ಕೇ ಆಗುವುದಿಲ್ಲ, ಹಾಗಾಗಿ ಸಂಜೆ ಓದುವಾಗ ಹಾಕಿ ಬೆಳಿಗ್ಗೆ ತೆಗೆದರೆ ಸಾಕು. ನಿಧಾನ, ಆದರೆ ಮಗುವಿಗೆ ಕಿರಿಕಿರಿಯಿಲ್ಲ. ವೃತ್ತಿ ಶುರುಮಾಡಿದಾಗಿನಿಂದ ಇದನ್ನೇ ಕೊಡುತ್ತಿದ್ದೇನೆ ಅಂದರು.

ಅದೂ ಸರಿ ಅನ್ನಿಸಿತು.

ಬಳ್ಳಾರಿಗೆ ಆಫೀಸಿನ ಕೆಲಸಕ್ಕೆ ಹೋದಾಗ ಅಲ್ಲೊಬ್ಬರನ್ನ ಕಂಡೆ. ಶಶಿಯ ಎಕ್ಸ್‌ರೇ ಬ್ಯಾಗಿನಲ್ಲೇ ಇತ್ತು. ಇವರು ಎರಡನ್ನೂ ತಳ್ಳಿಹಾಕಿದರು. ತೆಗೆಯಲು ಬರುವ ಯಾವ ಯಂತ್ರವನ್ನೂ ಮಕ್ಕಳು ತೆಗೆದೇ ತೆಗೆಯುತ್ತಾರೆ ಅಂದರು. ಇವರದು ಹಲ್ಲಿಗೇ ಅಂಟಿಸಿಬಿಡುವ ಯಂತ್ರ. ಎರಡೂ ಬದಿಗೆ ಸಣ್ಣ ಕಡ್ಡಿ, ಒಂದು ನಳಿಗೆಯಲ್ಲಿ ಜಾರುವಂಥದ್ದು, ಬೋರ್‌ವೆಲ್ ಪಂಪಿನ ರಾಡಿನ ಹಾಗೆ. ಕೆಳದವಡೆಯನ್ನ ಮುಂದಕ್ಕೇ ಹಿಡಿದಿಡುತ್ತದೆ. ಮಗುವಿನ ಮನಸ್ಸನ್ನ ಕೇಳುವ ಪ್ರಶ್ನೆಯೇ ಇಲ್ಲ. ಖರ್ಚು ಜಾಸ್ತಿ, ಮತ್ತು ಕಡ್ಡಿ ಸಡಿಲಾದರೆ, ಮುರಿದರೆ, ಪ್ರತಿ ಸಲ ಬಳ್ಳಾರಿಗೇ ಬರಬೇಕು. ಅಥವಾ ಇದ್ಯಾವುದೂ ಬೇಡ, ಹಲ್ಲೆಲ್ಲ ಬಂದ ಮೇಲೆ ಮೇಲಿನ ಎರಡು ಹಲ್ಲು ಕಿತ್ತು ತಂತಿ ಹಾಕಿದರೂ ಆಗುತ್ತದೆ, ಆದರೆ ಗದ್ದ ಮಾತ್ರ ಇದ್ದಲ್ಲೇ ಇರುತ್ತದೆ ಅಂತ ಬಾಗಿಲವರೆಗೆ ಬಂದು ಹೇಳಿದರು.

ಬಾಗಿಲಲ್ಲಿ ಹೇಳುವ ಮಾತೇ ಯಾವಾಗಲೂ ನಿದ್ದೆ ಕೆಡಿಸುವುದು.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಹೊಸಪೇಟೆಯ ಒಂದು ಬ್ರೌಸಿಂಗ್ ಸೆಂಟರಿಗೆ ಹೋಗಿ ಒಂದು ತಾಸು ಕೂತೆ. ಸೆಂಟರಿನವರೇ ಹುಡುಕಿ, ಹದಿನಾಲ್ಕು ಹಾಳೆ ಪ್ರಿಂಟ್ ತೆಗೆದುಕೊಟ್ಟರು. ಮನೆಗೆ ತಂದು ಡಿಕ್ಷನರಿ ಇಟ್ಟುಕೊಂಡು ಓದಿದೆ. ಒಂದು ಹಾಳೆ ಜೋಡಿ ಬ್ಲಾಕೇ ಶ್ರೇಷ್ಠ ಅಂದಿತು. ಇನ್ನೊಂದು, ಯಾವುದನ್ನ ಹಾಕಿದರೂ ಕೊನೆಗೆ ಸಿಗುವುದು ಹೆಚ್ಚುಕಡಿಮೆ ಒಂದೇ ಅಂದಿತು. ಮತ್ತೊಂದು, ದವಡೆ ಬೆಳೆಯುವುದು ಯಂತ್ರದಿಂದಲೋ ತನ್ನಷ್ಟಕ್ಕೋ ಅನ್ನುವುದೇ ಇನ್ನೂ ಜಗಳದ ವಿಷಯ ಅಂದಿತು. ಅಣ್ಣ ಬದು ಇಲ್ಲಿ ಅಂತಾನೆ, ತಮ್ಮ ಅಲ್ಲಿ ಅಂತಾನೆ, ಮೂರನೆಯವನು ಬದುವೇ ಇಲ್ಲ ಅಂತಾನೆ.

ನಮ್ಮಪ್ಪನ ಕಾಲದಲ್ಲಿ ಊರಿಗೆ ಒಬ್ಬರೇ ಡಾಕ್ಟರು. ಅವರು ಗುಲಾಬಿ ಬಣ್ಣದ ನೀರು ಕೊಟ್ಟರೆ ಕುಡಿಯುತ್ತಿದ್ದರು, ಹಳದಿ ಕೊಟ್ಟರೆ ಅದನ್ನೂ ಕುಡಿಯುತ್ತಿದ್ದರು. ಬದುಕಿದರೆ ಡಾಕ್ಟರ ಕೈಗುಣ, ಇಲ್ಲದಿದ್ದರೆ ಹಣೆಬರಹ. ನಮಗೆ ಹಾಗಲ್ಲ. ನಮಗೆ ಪೇಸ್ಟಿನಿಂದ ಹಿಡಿದು ಕಾಲೇಜಿನವರೆಗೆ ಆಯ್ಕೆ. ಆರಿಸಿಕೊಂಡಿದ್ದು ತಪ್ಪಾದರೆ ಬೈಯಲು ಹಣೆಬರಹವೂ ಸಿಗುವುದಿಲ್ಲ. ಇದು ಸುಖವಾ, ಶಿಕ್ಷೆಯಾ?

ಕೊನೆಗೆ ನಾನು ಹೇಗೆ ತೀರ್ಮಾನ ಮಾಡಿದೆ ಗೊತ್ತಾ? ಹೇಳಲು ನಾಚಿಕೆ. ಬಸ್ಸು ನೋಡಿ. ದಾವಣಗೆರೆಗೆ ಹೋಗುವ ಬಸ್ಸು ಹರಪನಹಳ್ಳಿ ಮೇಲೆ ಹೋಗುತ್ತದೆ, ಅಲ್ಲಿ ಗಿರಿಜಾಳ ತವರಿದೆ, ಊಟಕ್ಕೆ ಇಳಿಯಬಹುದು. ವಿಜ್ಞಾನ ಅಲ್ಲಿಗೆ ಮುಗಿಯಿತು. ಜೋಡಿ ಬ್ಲಾಕು ಗೆದ್ದಿತು.

ಗುಲಾಬಿ ಬಣ್ಣದ ಎರಡು ತುಂಡು ಬಂದವು. ಮೊದಲ ವಾರ ಬಾಯಿಂದ ಜೊಲ್ಲು. ಶಶಿಗೆ ರೊಟ್ಟಿ ಅಗಿಯಲು ಬರುತ್ತಿರಲಿಲ್ಲ, ಗಿರಿಜಾ ಅನ್ನ ಮೆತ್ತಗೆ ಮಾಡಿ ಕೊಟ್ಟಳು. ದವಡೆ ನೋಯುತ್ತದೆ ಅಂದಳು, ನಾಲ್ಕು ದಿನಕ್ಕೆ ಅದು ಹೋಯಿತು. ಹೋಗದೆ ಉಳಿದಿದ್ದು ಒಂದೇ. ಮಾತು. ಬಾಯಲ್ಲಿ ಬ್ಲಾಕು ಇದ್ದರೆ 'ಶ' ಅನ್ನಲು ಬರುವುದಿಲ್ಲ, 'ಸ' ಬರುವುದಿಲ್ಲ, ಗಾಳಿ ಎಲ್ಲೆಲ್ಲೋ ಸೋರುತ್ತದೆ. ಶಶಿಕಲಾ ಅನ್ನುವ ಹುಡುಗಿಗೆ ತನ್ನ ಹೆಸರನ್ನೇ ಹೇಳಲು ಆಗುತ್ತಿರಲಿಲ್ಲ. ನಾವು ನಕ್ಕೆವು. ಅವಳೂ ನಕ್ಕಳು. ರೂಢಿಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರು, ನಾನೂ ಅದನ್ನೇ ಹೇಳಿದೆ.

ಮನೆಯಲ್ಲಿ ಯಾವಾಗ ನೋಡಿದರೂ ಬ್ಲಾಕು ಬಾಯಲ್ಲೇ ಇರುತ್ತಿತ್ತು. ಊಟಕ್ಕೆ ಕೂತಾಗ, ಓದುವಾಗ, ಮಲಗುವಾಗ. ನನಗೆ ಹೆಮ್ಮೆ. ಆಫೀಸಿನಲ್ಲಿ ಹೇಳಿಕೊಂಡೆ ಕೂಡ.

ನಾಲ್ಕು ತಿಂಗಳಾದ ಮೇಲೆ ನಾನೂ ಶಶಿಯೂ ದಾವಣಗೆರೆಗೆ ಹೋದೆವು. ಡಾಕ್ಟರು ಮತ್ತೆ ಆ ಸಣ್ಣ ಸ್ಕೇಲು ಹಿಡಿದರು. ಮೊದಲಿನ ಅಳತೆಯೇ. ಇನ್ನೊಮ್ಮೆ ಹಿಡಿದರು. ಕೂದಲಿನಷ್ಟು ಕಡಿಮೆಯಾಗಿರಬಹುದು, ಅಷ್ಟೇ. ಅವರು ಬ್ಲಾಕುಗಳನ್ನ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನಲ್ಲ, ಶಶಿಯನ್ನ ನೋಡಿ ಮೆಲ್ಲಗೆ ಹೇಳಿದರು.

"ನಾಲ್ಕು ತಿಂಗಳು ಊಟ ಮಾಡಿದ ಬ್ಲಾಕು ಇಷ್ಟು ಹೊಸದಾಗಿ ಇರಲ್ಲ ಪುಟ್ಟಿ."

ಶಶಿ ತಲೆ ತಗ್ಗಿಸಿದಳು.

ನಿಜ ಏನಂತ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಹೊರಬಂತು. ಅವಳ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ದಿನವೂ ಒಬ್ಬರು ಪೇಪರಿನ ಮುಖ್ಯ ಸುದ್ದಿ ಓದಬೇಕು. ಓದುವುದು ಶಶಿಯೇ, ಓದು ಸ್ಪಷ್ಟ ಅಂತ ಮೇಷ್ಟ್ರು ಅವಳನ್ನೇ ಆರಿಸಿದ್ದರು. ಬ್ಲಾಕು ಹಾಕಿಕೊಂಡು ಮೊದಲ ದಿನ ಮೈಕಿನ ಮುಂದೆ ನಿಂತು 'ಶಾಸಕರ ಸಭೆ' ಅಂತ ಓದಿದ್ದಾಳೆ. ಏನು ಕೇಳಿಸಿತೋ ದೇವರೇ ಬಲ್ಲ. ಇಡೀ ಶಾಲೆ ನಕ್ಕಿದೆ. ಮೊದಲೇ ಅವಳನ್ನ ಇಲಿ ಅಂತಿದ್ದರಂತೆ. ಆ ದಿನದಿಂದ ಇಲಿ ಮಾತಾಡುತ್ತೆ ಅಂತ ಶುರುವಾಯಿತಂತೆ. ಮೇಷ್ಟ್ರು ಪಾಪ ಒಳ್ಳೆಯ ಮನಸ್ಸಿನಿಂದಲೇ, ಓದುವಾಗ ಮಾತ್ರ ತೆಗೆದಿಡು ಅಂದಿದ್ದಾರೆ. ಓದುವಾಗ ತೆಗೆದಿದ್ದು ಕನ್ನಡ ಪಿರಿಯಡ್ಡಿಗೂ ಬಾಯಿಗೆ ವಾಪಸ್ ಹೋಗಲಿಲ್ಲ, ಆಮೇಲೆ ಊಟದ ಬಿಡುವಿಗೂ ಹೋಗಲಿಲ್ಲ. ಸಂಜೆ ಮನೆಯ ತಿರುವಿನಲ್ಲಿ ಕಂಪಾಸ್ ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು ಬರುತ್ತಿದ್ದಳು. ಮನೆಯಲ್ಲೂ ಮೊದಲ ತುತ್ತಿಗೇ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ, ದೀಪ ಆರಿದ ಮೇಲೆ ದಿಂಬಿನ ಕೆಳಗೆ.

ನಾನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನ ಮಾಡಿದೆ. ಸಣ್ಣ ದನಿಯಲ್ಲಿ, ಮುಂದಿನ ವಾರ ಬಳ್ಳಾರಿಗೆ ಹೋಗಿ ತೆಗೆಯಲು ಬಾರದ್ದನ್ನ ಅಂಟಿಸಿಕೊಂಡು ಬರೋಣ ಅಂದೆ. ಹರಪನಹಳ್ಳಿಯಲ್ಲಿ ಊಟಕ್ಕೆ ಇಳಿಯಲಿಲ್ಲ. ಶಶಿ ಕೊಟ್ಟೂರು ದಾಟುವವರೆಗೂ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು.

ಮನೆಗೆ ಬಂದು ಗಿರಿಜಾಳಿಗೆ ಹೇಳುವಾಗ ದನಿ ಏರಿರಬೇಕು. ಅವ್ವ ಒಳಗಿನಿಂದ ಬಂದಳು. ಶಶಿ ಗೋಡೆಗೆ ಒರಗಿ ನಿಂತಿದ್ದಳು. ಅವ್ವ ಈಗ ಯಂತ್ರ ತೆಗೆದು ಬಿಸಾಕು ಅಂತಾಳೆ ಅಂತ ನಾನು ಅಂದುಕೊಂಡೆ. ನಾಲ್ಕು ತಿಂಗಳಿಂದ ಅವಳು ಆ ಬ್ಲಾಕಿನ ಕಡೆ ನೋಡಿಯೂ ಇರಲಿಲ್ಲ.

ಅವಳು ಹಾಗೆ ಅನ್ನಲಿಲ್ಲ. ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಎಷ್ಟು ಮಂದಿ ನಕ್ಕರು ಅಂತ ಕೇಳಿದಳು. ಎಲ್ಲಾರೂ ಅಂದಳು ಶಶಿ. ಅವ್ವ ನಾನು ಈ ಮನೆಯಲ್ಲಿ ಹುಟ್ಟಿ ಬೆಳೆದು ಒಂದು ದಿನವೂ ಕೇಳದಿದ್ದ ಮಾತನ್ನ ಹೇಳತೊಡಗಿದಳು.

ಅವಳಿಗೆ ಆಗ ಹದಿನಾರು ವರ್ಷವಂತೆ. ಹಲವಾಗಲು ಅನ್ನುವ ಊರಿನಿಂದ ಹೆಣ್ಣು ನೋಡಲು ಬಂದಿದ್ದರಂತೆ. ನದಿ ದಂಡೆಯ ಒಳ್ಳೆಯ ಹೊಲದವರು. ಅವ್ವ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಂದಿದ್ದಾಳೆ. ಹುಡುಗನ ಅಕ್ಕ ಏನೋ ತಮಾಷೆ ಮಾಡಿದ್ದಾಳೆ. ಇವಳಿಗೆ ನಗು ಬಂದಿದೆ, ನಕ್ಕಿದ್ದಾಳೆ.

"ಮರುದಿನ ಹೇಳಿ ಕಳಿಸಿದ್ರು," ಅಂದಳು ಅವ್ವ. "ಎಲ್ಲಾ ಹಿಡಿಸೈತಿ, ಹುಡುಗಿ ನಗದಿದ್ರ ಛಲೋ ಅದಾಳ, ಅಂತ."

ಅಡುಗೆಮನೆಯಲ್ಲಿ ಗಿರಿಜಾಳ ಪಾತ್ರೆಯ ಸದ್ದು ನಿಂತಿತು.

ಆಮೇಲೆ ಅವಳ ಅವ್ವ ಅವಳಿಗೆ ಸೆರಗು ಹಿಡಿಯುವುದನ್ನ ಕಲಿಸಿದಳಂತೆ. ನಗು ಬಂದರೆ ಮೊದಲು ಸೆರಗು, ಆಮೇಲೆ ನಗು. ಹಡಗಲಿ ಕಡೆಯಿಂದ ನಮ್ಮಪ್ಪ ನೋಡಲು ಬಂದಾಗ ನಗಲೇ ಇಲ್ಲವಂತೆ. ಮದುವೆಯಾಯಿತು. ಸೆರಗು ಉಳಿಯಿತು.

ನಾನು ಅಲ್ಲೇ ನಿಂತಿದ್ದೆ. ಅವ್ವ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನ ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಹಳೇ ಕಾಲದವರ ಮರ್ಯಾದೆ ಅಂದುಕೊಂಡಿದ್ದೆ. ಒಂದು ಸಲ ಇದೇ ಅಂಕಣದಲ್ಲಿ ಅದನ್ನ ಹೊಗಳಿ ಬರೆದಿದ್ದೂ ಉಂಟು. (ಆ ವಾರ ಓದಿದವರು ದಯವಿಟ್ಟು ಮರೆತುಬಿಡಿ.)

ಶಶಿ ಕೇಳಿದಳು, ಹಂಗಾದ್ರ ನಾನು ಇದನ್ನ ಹಾಕ್ಕೋಬೇಕಾ ಅಜ್ಜಿ ಅಂತ.

"ನಿನ್ನ ಬಾಯಿ, ನಿನ್ನ ಇಷ್ಟ," ಅಂದಳು ಅವ್ವ. "ಹಾಕ್ಕೋ, ಇಲ್ಲಾ ಬಿಡು. ಆದ್ರ ಮಂದಿ ನಗ್ತಾರಂತ ಬಿಡಬ್ಯಾಡ. ಮಂದಿ ನಗ್ತಾರಂತ ಹಾಕ್ಕೋಳಾಕೂ ಬ್ಯಾಡ."

ನಾನು ಈ ಮಾತನ್ನ ಆಮೇಲೆ ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಬಿಡಿಸಿಕೊಳ್ಳುವುದಿಲ್ಲ. ಮಂದಿ ನಗುತ್ತಾರೆ ಅನ್ನುವುದನ್ನ ತೆಗೆದುಬಿಟ್ಟರೆ ನಾವು ಮಾಡುವ ಕೆಲಸದಲ್ಲಿ ಉಳಿಯುವುದೆಷ್ಟು? ನಾನು ಮಗಳನ್ನ ಊರೂರು ತಿರುಗಿಸಿದ್ದು ಅವಳ ಹಲ್ಲು ಮುರಿಯದಿರಲಿ ಅಂತಲಾ, ಹರಪನಹಳ್ಳಿಯ ಆ ಕುರ್ಚಿಯಲ್ಲಿ ಒಂದು ಕ್ಷಣ ಕಂಡ ಇನ್ನೊಂದು ಹುಡುಗಿಗೆ ಆಸೆ ಬಿದ್ದಾ? ಮತ್ತೆ, ನನ್ನ ಮಾರಿ ತಪ್ಪೇನು ಅಂತ ಕೇಳಿದ ಅವ್ವ ನಿಜವಾ, ಹದಿನಾರಕ್ಕೇ ನಗುವನ್ನ ಮುಚ್ಚಿಟ್ಟ ಅವ್ವ ನಿಜವಾ?

ಎರಡು ದಿನ ಬ್ಲಾಕು ಗೋಡೆಯ ಗೂಡಿನಲ್ಲಿ ಬಟ್ಟಲೊಳಗೆ ನೀರಿನಲ್ಲಿ ಮುಳುಗಿ ಕೂತಿತ್ತು. ನಾನು ಕೇಳಲಿಲ್ಲ, ಕೇಳಬಾರದು ಅಂತ ಗಿರಿಜಾ ಎಚ್ಚರಿಸಿದ್ದಳು. ಮೂರನೇ ದಿನ ಸಂಜೆ ನಾನು ಮನೆಗೆ ಬಂದಾಗ ಪಡಸಾಲೆಯಲ್ಲಿ ಅಜ್ಜಿ ಮೊಮ್ಮಗಳು ಎದುರಾಬದುರಾ ಕೂತಿದ್ದರು. ಶಶಿಯ ಬಾಯಲ್ಲಿ ಬ್ಲಾಕು, ಕೈಯಲ್ಲಿ ಅವತ್ತಿನ ಪೇಪರು. ಓದುತ್ತಿದ್ದಳು. ಅವ್ವನಿಗೆ ಓದು ಬರುವುದಿಲ್ಲ, ಕಿವಿ ಮಾತ್ರ ಚುರುಕು. 'ಶ' ಜಾರಿದ ಕಡೆಯೆಲ್ಲ ತಡೆದು, ಬರಲಿಲ್ಲ, ಮತ್ತೊಮ್ಮೆ ಓದು ಅಂತಿದ್ದಳು.

ಅದು ದಿನಚರಿಯಾಯಿತು. ಪೇಪರಿನ ಮೊದಲ ಸಾಲಿನಿಂದ ಕೊನೆಯ ಪುಟದ ಮಳೆ ವರದಿಯವರೆಗೆ. ನಮ್ಮವ್ವನಿಗೆ ಆ ಕೆಲವು ವಾರದಲ್ಲಿ ಮಾರುಕಟ್ಟೆ ದರ ತಿಳಿಯಿತು, ಕ್ರಿಕೆಟ್ ತಿಳಿಯಿತು, ಯಾವ ದೇಶದಲ್ಲಿ ಯಾರು ಸೋತರು ಅನ್ನುವುದೂ ತಿಳಿಯಿತು. ಊಟಕ್ಕೆ ಕೂತಾಗ ನನಗೇ ಸುದ್ದಿ ಹೇಳತೊಡಗಿದಳು. ಬ್ಲಾಕಿನ ಮೇಲೆ ರೊಟ್ಟಿಯ ಗುರುತು ಬಿದ್ದವು. 'ಸ' ಮೊದಲು ಬಂತು. 'ಶ' ಸತಾಯಿಸಿತು, ಆಮೇಲೆ ಅದೂ ಬಂತು.

ಒಂದು ದಿನ ಶಶಿ ಶಾಲೆಯಿಂದ ಬಂದು, ಇವತ್ತು ತೆಗೆಯದೇ ಓದಿದೆ ಅಂದಳು. ಯಾರಾದರೂ ನಕ್ಕರಾ ಅಂತ ಕೇಳಿದೆ.

"ಇಬ್ರು ನಕ್ರು ಅಪ್ಪಾಜಿ. ಅವರಿಗೆ ಓದಾಕ ಕೊಟ್ರ ಇನ್ನೂ ನಗು ಬರತೈತಿ."

ಬಳ್ಳಾರಿಗೆ ನಾವು ಹೋಗಲಿಲ್ಲ.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಕಳೆದ ವಾರ ದಾವಣಗೆರೆಗೆ ಹೋಗಿದ್ದು ಬ್ಲಾಕು ಹಾಕುವುದನ್ನ ನಿಲ್ಲಿಸಲು. ಅವ್ವ ತಾನೂ ಬರುತ್ತೇನೆ ಅಂದಳು. ಒಳ್ಳೆ ಸೀರೆ ಉಟ್ಟುಕೊಂಡು ನಮಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಸ್ಕೇಲು ಬಂತು. ಅಂತರ ಅರ್ಧಕ್ಕಿಂತ ಕಡಿಮೆಯಾಗಿದೆ. ಶಶಿ ಈಗ ತುಟಿ ಮುಚ್ಚಿದರೆ ಮುಚ್ಚುತ್ತದೆ. ಸಾಲು ನೇರ ಮಾಡಲು ಮುಂದೆ ತಂತಿ ಬೇಕಾಗಬಹುದು, ಅದನ್ನ ಆಮೇಲೆ ನೋಡೋಣ ಅಂದರು. ನಾನು ತಡೆಯಲಾರದೆ ಕೇಳಿಬಿಟ್ಟೆ: ಹೊಸಪೇಟೆಯದು ಹಾಕಿದ್ದರೂ, ಬಳ್ಳಾರಿಯದು ಹಾಕಿದ್ದರೂ ಹೀಗೇ ಆಗುತ್ತಿತ್ತಾ? ಡಾಕ್ಟರು ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಆಗಬಹುದಿತ್ತು ಅಂದರು. ಇದರಲ್ಲಿ ಬ್ಲಾಕಿನ ಪಾಲೆಷ್ಟು, ಇವಳು ಬೆಳೆದಿದ್ದರ ಪಾಲೆಷ್ಟು ಅಂತ ಗೆರೆ ಎಳೆದು ತೋರಿಸಲು ತಮಗೂ ಆಗುವುದಿಲ್ಲ ಅಂದರು. ಇಷ್ಟು ಮಾತ್ರ ಹೇಳಬಲ್ಲೆ, ಯಾವ ಯಂತ್ರ ಒಳ್ಳೆಯದು ಅಂದರೆ ಮಗು ಹಾಕಿಕೊಳ್ಳುವ ಯಂತ್ರ ಒಳ್ಳೆಯದು.

ಊರೂರು ತಿರುಗಿ, ಹದಿನಾಲ್ಕು ಹಾಳೆ ಓದಿ, ಒಂದು ವರ್ಷ ಕಾದು ನಾನು ತಿಳಿದುಕೊಂಡಿದ್ದು ಇಷ್ಟು. ಈಗಲೂ ಯಾರಾದರೂ ಯಾವುದು ಛಲೋ ಅಂತ ಕೇಳಿದರೆ ನಾನು ತಡವರಿಸುತ್ತೇನೆ.

ಚೀಟಿ ಬರೆಸಿಕೊಂಡು ಏಳುವ ಹೊತ್ತಿಗೆ ಅವ್ವ ಎದ್ದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಮೇಜಿನ ಮೇಲಿದ್ದ ಹಲ್ಲಿನ ಅಚ್ಚನ್ನ ನೋಡುತ್ತಿದ್ದಳು. ಡಾಕ್ಟರು ಏನಜ್ಜಿ ಅಂದರು.

"ನಮ್ಮಂಥೋರಿಗೆ ಏನರ ಐತೇನ್ರಿ?"

ದನಿ ಎಷ್ಟು ಸಣ್ಣದಿತ್ತೆಂದರೆ ಡಾಕ್ಟರಿಗೆ ಮೊದಲು ಕೇಳಿಸಲಿಲ್ಲ. ಅವ್ವ ಇನ್ನೊಂದು ಸಲ ಹೇಳಬೇಕಾಯಿತು. ಅರವತ್ತೈದು ದಾಟಿದ ಹೆಣ್ಣುಮಗಳು, ಮಗ ಸೊಸೆ ಮೊಮ್ಮಗಳ ಮುಂದೆ, ಇನ್ನೊಂದು ಸಲ.

ಡಾಕ್ಟರು ನಗಲಿಲ್ಲ, ಅವರಿಗೆ ದೊಡ್ಡ ಶರಣು. ಪಕ್ಕಕ್ಕೆ ಬಂದು ಕೂತು ಹೇಳಿದರು. ಎಲುಬು ಬೆಳೆದು ನಿಂತ ಮೇಲೆ ಈ ಬ್ಲಾಕು ಕೆಲಸ ಮಾಡುವುದಿಲ್ಲ, ಆಪರೇಷನ್ ಒಂದೇ ದಾರಿ, ಈ ವಯಸ್ಸಿಗೆ ಅದು ಬೇಡ, ನಿಮ್ಮ ಹಲ್ಲೆಲ್ಲ ಗಟ್ಟಿಯಾಗಿವೆ, ಅದೇ ದೊಡ್ಡದು. ಅವ್ವ ಹೌದ್ರಿ, ಸುಮ್ನ ಕೇಳಿದೆ ಅಂದಳು. ಸೆರಗು ಸರಿಮಾಡಿಕೊಂಡು ಎದ್ದಳು. ಗಿರಿಜಾ ಅವಳ ತೋಳು ಹಿಡಿದುಕೊಂಡು ಮೆಟ್ಟಿಲಿಳಿಸಿದಳು. ಶಶಿ ಬಸ್ಸಿನಲ್ಲಿ ಅಜ್ಜಿಯ ಪಕ್ಕದ ಸೀಟು ಯಾರಿಗೂ ಬಿಡಲಿಲ್ಲ.

ನಾನು ಹಿಂದಿನ ಸೀಟಿನಲ್ಲಿದ್ದೆ. ಹರಪನಹಳ್ಳಿ ಬಂತು, ಹೋಯಿತು. ಅವರಿಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ನನಗೆ ಅರ್ಥವಾಗುತ್ತಿತ್ತು ಅನ್ನುವ ನಂಬಿಕೆ ಈಗ ಇಲ್ಲ.

ಹಲ್ಲು ನೋಯುತ್ತಾ ಅಂತ ಅವ್ವನನ್ನ ಎಷ್ಟೋ ಸಲ ಕೇಳಿದ್ದೇನೆ. ಹಲ್ಲಿನಿಂದ ನೋವಾಗಿದೆಯಾ ಅಂತ ಒಂದು ಸಲವಾದರೂ ಕೇಳಿದ್ದೆನಾ?